ಸೀಟಿನ ಕೆಳಗೆ ಎಣ್ಣೆಯ ವಾಸನೆ

ನನ್ನ ತಂಗಿಯ ವ್ಯಾನು ಈಗ ನನ್ನ ಶೆಡ್ಡಿಗೆ ಬರುವುದಿಲ್ಲ. ಗಂಗಾವತಿಯಲ್ಲಿ ಬೇರೊಬ್ಬ ಮೇಸ್ತ್ರಿ ಅದನ್ನು ನೋಡುತ್ತಾನೆ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ನನ್ನ ತಗಡಿನ ಶೆಡ್ಡು ಇದೆ. ಅವಳ ಗಂಡನ ಊರು ತಳಕಲ್ಲಿನಿಂದ ಇಲ್ಲಿಗೆ ಗಾಡಿ ತರುವುದು ಕಷ್ಟದ ಮಾತೇನಲ್ಲ. ಅವಳು ತರುವುದಿಲ್ಲ, ಅಷ್ಟೇ. ಹಬ್ಬಕ್ಕೆ ತವರಿಗೆ ಬಂದರೂ ಬಸ್ಸಿನಲ್ಲಿ ಬರುತ್ತಾಳೆ. ಗಿರಾಕಿಗಳು ಯಾರಾದರೂ "ಮೇಸ್ತ್ರಿ, ನಿಮ್ಮ ತಂಗಿ ಗಾಡಿ ಕಾಣವಲ್ದಲ್ಲ" ಎಂದು ಕೇಳಿದರೆ "ದೂರ ಆಕ್ಕೈತಿ ಆಕಿಗೆ" ಎಂದು ಹೇಳಿ ಸ್ಪಾನರ್ ಹುಡುಕುವವನಂತೆ ಬಗ್ಗುತ್ತೇನೆ. ಒಂದು ಸುಳ್ಳು ಮುಗಿಸಿದ ಮೇಲೂ ನಾಲಿಗೆಗೆ ಅದರ ರೂಢಿ ಉಳಿದುಬಿಡುತ್ತದೆ ಎಂದು ಕಾಣುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದುಬಿಡೋಣ ಎಂದು ಕೂತಿದ್ದೇನೆ.

ನಾವು ಇಬ್ಬರೇ ಮಕ್ಕಳು. ನಾನು ದೊಡ್ಡವನು. ಆರನೇ ತರಗತಿಗೆ ಶಾಲೆ ಬಿಟ್ಟು ಎಣ್ಣೆ, ಗ್ರೀಸುಗಳ ಲೋಕಕ್ಕೆ ಬಂದೆ. ತಂಗಿ ಹತ್ತರ ತನಕ ಓದಿದಳು. ಅವಳ ಗಂಡ ಗಿಣಿಗೇರಾದ ಕಡೆ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಮುಂಗಾರು ಬಂದು ಕಾಲುವೆಗೆ ನೀರು ಬಿಟ್ಟರೆ ತಳಕಲ್ಲಿನ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಗಂಗಾವತಿ ಸೀಮೆಗೆ ಭತ್ತದ ನಾಟಿಗೆ ಹೋಗುತ್ತಾರೆ. ನನ್ನ ತಂಗಿಯೂ ಅದರಲ್ಲಿ ಒಬ್ಬಳು. ಬಾಡಿಗೆ ಗಾಡಿಯವನು ದಿನಕ್ಕೊಂದು ಹೊತ್ತಿಗೆ ಬರುತ್ತಿದ್ದ. ತಡವಾಗಿ ಹೋದರೆ ಅಲ್ಲಿ ಗದ್ದೆಗೆ ಬೇರೆ ಗುಂಪು ಇಳಿದಿರುತ್ತಿತ್ತು. ಬೇಸತ್ತು ಅವಳು ಗಂಡನಿಗೆ ದುಂಬಾಲು ಬಿದ್ದು ಹಳೆಯದೊಂದು ಪೆಟ್ರೋಲ್ ವ್ಯಾನು ಕೊಳ್ಳಿಸಿದಳು. ಓಡಿಸುವವರು ಯಾರು ಎಂಬ ಪ್ರಶ್ನೆ ಬಂದಾಗ "ನಾನ" ಎಂದಳು.

ಕಲಿಸಿದವನು ನಾನೇ. ಕಡಲೆ ಕಿತ್ತ ಎರೆಹೊಲ ನಮ್ಮ ಶೆಡ್ಡಿನ ಹಿಂದೆ ಬಯಲಾಗಿ ಬಿದ್ದಿತ್ತು. ಅಲ್ಲಿ ಸಂಜೆಯ ಹೊತ್ತು ಅವಳನ್ನು ಕೂರಿಸಿ ಸುತ್ತು ಹೊಡೆಸುತ್ತಿದ್ದೆ. ಗೇರು ಬದಲಿಸುವಾಗ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು.

"ಉಸಿರು ಯಾಕ ಹಿಡೀತಿ, ಬಾವಿಯಾಗ ಮುಳುಗಾಕ ಹೊಂಟಿಯೇನು?" ಎನ್ನುತ್ತಿದ್ದೆ.

"ನೀ ಸುಮ್ನಿರು. ನೀ ಮಾತಾಡಿದ್ರ ನನ್ನ ಕಾಲು ನಿನ್ನ ಮಾತು ಕೇಳತಾವ, ಗಾಡಿ ಮಾತು ಕೇಳೂದಿಲ್ಲ."

"ಎಡಗಾಲು ಮೆತ್ತಗ ಬಿಡು. ಹಾಲು ಉಕ್ಕಿ ಬಂದಾಗ ಒಲಿಯಾಗಿನ ಕಟಗಿ ಹಿಂದ ಎಳೀತಿಯಲ್ಲ, ಹಂಗ."

ಆ ಮಾತು ಅವಳಿಗೆ ಹತ್ತಿತು. ಅಂದಿನಿಂದ ಅವಳ ಎಡಗಾಲು ಕ್ಲಚ್ ಬಿಡುವುದನ್ನು ನೋಡಿದರೆ ಗಾಡಿಗೆ ತಾನು ಹೊರಟಿದ್ದೇ ಗೊತ್ತಾಗುತ್ತಿರಲಿಲ್ಲ. ಹೊಲದ ಕೆಂಪು ಸಂಜೆಯಲ್ಲಿ, ಕಡಲೆಯ ಒಣ ಹೊಟ್ಟು ಗಾಳಿಗೆ ಏಳುತ್ತಿರುವಾಗ, ವ್ಯಾನು ಒಂದು ಬಿಳಿ ಹಸುವಿನ ಹಾಗೆ ನಿಧಾನಕ್ಕೆ ತಿರುಗುತ್ತಿದ್ದದ್ದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ನನಗಿಂತ ಹಗುರಾದ ಕಾಲು ಅವಳದು. ಅದು ನನಗೆ ಆಗಲೇ ಗೊತ್ತಿತ್ತು.

ಆ ಜಾತಿಯ ವ್ಯಾನಿನಲ್ಲಿ ಎಂಜಿನ್ನು ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿದರೆ ಎಂಜಿನ್ನಿನ ನೆತ್ತಿ ಕಾಣುತ್ತದೆ. ಓಡಿಸುವವರು ಅದರ ಮೇಲೇ ಕೂತಂತೆ. ಅದರ ಬಿಸಿ, ಅದರ ನಡುಕ, ಅದರ ವಾಸನೆ ಎಲ್ಲ ಮೊದಲು ತಲುಪುವುದು ಅವರಿಗೇ. ಮೂರು ಪಿಸ್ಟನ್ನಿನ ಸಣ್ಣ ಎಂಜಿನ್ನು. ಮೂರೂ ಸರಿಯಾಗಿ ಹೊಡೆದರೆ ಅದು "ತಕಿಟ ತಕಿಟ" ಎನ್ನುತ್ತದೆ. ಭಜನೆಯಲ್ಲಿ ತಾಳ ಹಿಡಿದವನ ಕೈ ಹಾಗೇ ನಡೆಯುತ್ತದೆ. ಒಂದರಲ್ಲಿ ಕಿಡಿ ಹತ್ತದಿದ್ದರೆ "ತಕಿ" ಎಂದು, ಒಂದು ಗುಟುಕು ನುಂಗಿ, ಮತ್ತೆ "ತಕಿ" ಎನ್ನುತ್ತದೆ. ಇದಕ್ಕೆ ನಾವು ಮಿಸ್ಸಿಂಗ್ ಅನ್ನುತ್ತೇವೆ. ಕಾರಣ ಹುಡುಕುವುದೇ ನನ್ನ ಹೊಟ್ಟೆಪಾಡು.

ತಪ್ಪು ಶುರುವಾದದ್ದು ಬೇಸಿಗೆಯ ಕೊನೆಗೆ, ಒಂದು ಮಧ್ಯಾಹ್ನ. ನಾಟಿ ಶುರುವಾಗುವ ಮೊದಲು ಎಂಜಿನ್ನಿನ ಟ್ಯಾಪೆಟ್ ಸಡಿಲಾಗಿದೆಯೇ ನೋಡಿಬಿಡು ಎಂದು ತಂಗಿ ವ್ಯಾನು ಬಿಟ್ಟು ಅವ್ವನನ್ನು ಮಾತಾಡಿಸಲು ಮನೆಗೆ ಹೋಗಿದ್ದಳು. ಎಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳ ಬಿಚ್ಚಿ ಕೆಲಸ ಮುಗಿಸಿದೆ. ಆ ಮುಚ್ಚಳದ ಅಂಚಿಗೆ ಒಂದು ರಬ್ಬರಿನ ಸೀಲು ಇರುತ್ತದೆ. ನಾವು ಪ್ಯಾಕಿಂಗ್ ಅನ್ನುತ್ತೇವೆ. ಒಳಗಿನ ಎಣ್ಣೆ ಹೊರಗೆ ಬಾರದಂತೆ ತಡೆಯುವುದು ಅದೇ. ಕೈಗೆ ತೆಗೆದುಕೊಂಡರೆ ಸುಟ್ಟ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬಗ್ಗಿಸಿದರೆ ಬಿರುಕು. ಹೊಸದು ಬೇಕು. ಬಜಾರಿಗೆ ಹೋದರೆ ಸಿಗುತ್ತಿತ್ತು.

ಆದರೆ ಅಂದು ಹೊರಗೆ ರಸ್ತೆ ನೀರಿನ ಹಾಗೆ ತೇಲುತ್ತಿತ್ತು. ಶೆಡ್ಡಿನ ಪಕ್ಕದ ಬೇವಿನ ಮರ ಹೂ ಉದುರಿಸುತ್ತಿತ್ತು. ಅದರ ಕಹಿ ಸಿಹಿ ವಾಸನೆ, ದೂರದಲ್ಲಿ ಕುಷ್ಟಗಿ ಬಸ್ಸು ಹೋದ ಸದ್ದು, ತಗಡು ಬಿಸಿಲಿಗೆ ಟಿಕ್ಕೆನ್ನುವುದು. ಊಟ ಆಗಿತ್ತು. ಹೊರಸಿನ ಮೇಲೆ ಒಂದು ಚೂರು ಬೆನ್ನು ಹಾಕುತ್ತೇನೆ ಎಂದುಕೊಂಡೆ.

ಕನಸು ಬಿತ್ತು. ಚಿಕ್ಕವರಿದ್ದಾಗ ಅಪ್ಪ ನಮ್ಮನ್ನು ಮುನಿರಾಬಾದಿಗೆ ಡ್ಯಾಮು ತೋರಿಸಲು ಕರೆದೊಯ್ದಿದ್ದ. ಆ ನೀರೆಲ್ಲ ಸದ್ದಿಲ್ಲದೆ ಕೊಪ್ಪಳದ ಗುಡ್ಡಗಳನ್ನು ದಾಟಿ ನಮ್ಮ ಎರೆಹೊಲದ ತನಕ ಬಂದಿತ್ತು. ತಂಗಿ ಅದರ ಮೇಲೆ ವ್ಯಾನು ಓಡಿಸುತ್ತಿದ್ದಳು. ಗಾಲಿಗಳು ಮುಳುಗುತ್ತಿರಲಿಲ್ಲ. ನಾನು ದಂಡೆಯಲ್ಲಿ ನಿಂತು ಕೈ ಬೀಸುತ್ತಿದ್ದೆ, ಅವಳು ನೋಡದೆ ಹಾದುಹೋಗುತ್ತಿದ್ದಳು.

ಎಚ್ಚರವಾದಾಗ ನೆರಳು ರಸ್ತೆಯ ಆಚೆಗೆ ಹೋಗಿತ್ತು. ತಂಗಿ ಮನೆಯಿಂದ ಬರುತ್ತಿದ್ದಳು. ನಾನು ಎದ್ದು ಹಳೆಯ ಪ್ಯಾಕಿಂಗಿಗೇ ಸುತ್ತ ಸಂದು ಮುಚ್ಚುವ ಪೇಸ್ಟು ಬಳಿದು ಮುಚ್ಚಳ ಕೂರಿಸಿ ಬೋಲ್ಟು ಬಿಗಿದೆ. ಪೇಸ್ಟು ಒಣಗಲು ಹೊತ್ತು ಬೇಕು. ಅದನ್ನೂ ಕೊಡಲಿಲ್ಲ.

"ಹೊಸಾ ಪ್ಯಾಕಿಂಗ್ ಹಾಕಿದ್ಯಾ? ಹೋದ ಸಲಾನ ಹಾಕ್ಬೇಕು ಅಂದಿದ್ದಿ" ಎಂದಳು.

"ಹ್ಞೂಂ" ಎಂದೆ.

ನಿದ್ದೆಯ ಬಾಯಲ್ಲಿ ಬಂದ ಒಂದು ಹ್ಞೂಂ. ಅವಳು ಹೊರಟುಹೋದಳು. ನಾನು ಬೇವಿನ ಹೂವನ್ನು ಹೊರಸಿನಿಂದ ಕೊಡವಿದೆ.

ಮುಂಗಾರು ಹಿಡಿಯಿತು. ನಾಟಿ ಶುರುವಾಗಿ ಕೆಲವು ದಿನ ಕಳೆದ ಮೇಲೆ ತಂಗಿಯ ಫೋನು ಬಂತು. ಗಂಗಾವತಿ ಹತ್ತಿರವಾದಂತೆ ಗಾಡಿ ಕೆಮ್ಮುತ್ತದೆ ಎಂದಳು. ನಾನು ತಂದು ತೋರಿಸು ಎಂದೆ. ತಂದಳು. ನಮ್ಮ ಸೀಮೆಯ ಒಣ ಗಾಳಿಯಲ್ಲಿ ಅದು ತಕಿಟ ತಕಿಟ ಎಂದು ಒಂದೇ ಸಮನೆ ಹಾಡುತ್ತಿತ್ತು. ನಾನು ಸೀಟನ್ನು ಪೂರ್ತಿ ಎತ್ತದೆ, ಕೈಗೆ ಸಿಕ್ಕ ಒಂದು ಪ್ಲಗ್ಗು ಬದಲಿಸಿ ಕಳಿಸಿದೆ. ಮತ್ತೆ ಫೋನು ಬಂತು.

"ಅಣ್ಣಾ, ಸೀಟಿನ ಕೆಳಗಿಂದ ಎಣ್ಣಿ ಸುಟ್ಟ ವಾಸನಿ ಬರ್ತೈತಿ. ಕಾಲುವಿ ದಾಟೂದರಾಗ ಮಿಸ್ಸಿಂಗ್ ಚಾಲು ಆಕ್ಕೈತಿ. ಒಮ್ಮಿ ಛಂದಂಗ ನೋಡು."

"ಹಳೇ ಗಾಡಿ, ಎಣ್ಣಿ ವಾಸನಿ ಬಿಟ್ಟು ಅತ್ತರಿನ ವಾಸನಿ ಬರ್ತೈತೇನು?" ಎಂದೆ.

ಇವತ್ತು ನನಗೆ ಆಶ್ಚರ್ಯವಾಗುವುದು ಇಲ್ಲೇ. ಅವಳು ರೋಗವನ್ನೂ ಹೇಳಿದ್ದಳು, ಜಾಗವನ್ನೂ ಹೇಳಿದ್ದಳು. ಒಣ ಸೀಮೆಯಲ್ಲಿ ಸುಮ್ಮನಿದ್ದು ತೇವದ ಸೀಮೆಯಲ್ಲಿ ಕೆಮ್ಮುವ ಎಂಜಿನ್ನು ಎಂದರೆ ಮೊದಲು ಕಿಡಿಗೆ ಕರೆಂಟು ಒಯ್ಯುವ ಪ್ಲಗ್ ವೈರು ನೋಡಬೇಕು. ಸವೆದ ವೈರಿನಿಂದ ಕರೆಂಟು ಸೋರುತ್ತದೆ, ಗಾಳಿ ತೇವವಾದಷ್ಟೂ ಹೆಚ್ಚು ಸೋರುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಎಣ್ಣೆಯ ವಾಸನೆ ಎಂಬ ಮಾತು ಬಂದ ಕೂಡಲೇ ನನ್ನೊಳಗೆ ಏನೋ ಪಕ್ಕಕ್ಕೆ ಸರಿಯಿತು. ನೋಡಿದರೆ ಏನು ಸಿಗುತ್ತದೆ ಎಂದು ಗೊತ್ತಿದ್ದವನು ನೋಡುವುದಿಲ್ಲ.

ಒಂದು ಬೆಳಗ್ಗೆ ಗಾಡಿ ಗಂಗಾವತಿ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಜಿನುಗು ಮಳೆ. ಹೆಣ್ಣುಮಕ್ಕಳೆಲ್ಲ ಇಳಿದು ತಳ್ಳಿದರಂತೆ. ಹೋಗಿ ತಲುಪುವಷ್ಟರಲ್ಲಿ ಕ್ಯಾಂಪು ಎಂದು ಕರೆಯುವ ಕಾಲುವೆ ಬದಿಯ ಊರಿನ ರೈತ ಬೇರೆ ಗುಂಪನ್ನು ಗದ್ದೆಗೆ ಇಳಿಸಿದ್ದ. ಎಲ್ಲರೂ ಬರಿಗೈಯಲ್ಲಿ ಮರಳಿದರು. ಮರುದಿನ ನಾನು ತಳಕಲ್ಲಿಗೆ ಹೋದೆ. ತಂಗಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಗುಂಪಿನವರೆಲ್ಲ ಕೂತಿದ್ದರು. ಮುಖಗಳು ಬಿಗಿದಿದ್ದವು. ತಂಗಿಯ ಗಂಡ ಪಾಳಿ ಮುಗಿಸಿ ಬಂದು ಕೆಂಪು ಧೂಳಿನ ಅಂಗಿಯಲ್ಲೇ ನಿಂತಿದ್ದ. ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು.

ನಾನು ಗಾಡಿ ಹತ್ತಿ ಊರ ಹೊರಗಿನ ತನಕ ಒಂದು ಸುತ್ತು ಹೊಡೆದು ಬಂದೆ. ಬಿಸಿಲಿಗೆ ಒಣಗಿದ ಎಂಜಿನ್ನು ಒಂದು ಸಲವೂ ತಪ್ಪಲಿಲ್ಲ. ಇಳಿದೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮೂಗಿಗೆ ಎಣ್ಣೆಯ ವಾಸನೆ ಬಂದಿತ್ತು. ಆ ಮಧ್ಯಾಹ್ನ, ಆ ಹೊರಸು, ಆ ಹ್ಞೂಂ ಎಲ್ಲ ಒಟ್ಟಿಗೆ ನೆನಪಾಗಿತ್ತು.

"ಗಾಡಿಯಾಗ ಏನಿಲ್ಲ. ಇಕಿ ಕ್ಲಚ್ ಮ್ಯಾಲ ಕಾಲಿಟ್ಕೊಂಡ ಕುಂದರ್ತಾಳ. ಅದಕ್ಕ ಹಿಂಗ ಆಗಾಕ್ಹತ್ತೈತಿ" ಎಂದೆ.

ಕ್ಲಚ್ಚಿಗೂ ಕಿಡಿಗೂ ಸಂಬಂಧವಿಲ್ಲ. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಕಟ್ಟೆಯ ಮೇಲಿಂದ ಒಬ್ಬಳು, "ಒಲಿ ಮುಂದ ಕುಂತು ಕುಂತು ಕಾಲಿಗೆ ಜೋಮು ಹಿಡಿದಿರಬೇಕ ನಮ್ಮ ಡ್ರೈವರಮ್ಮಗ" ಎಂದಳು. ನಗು ಎದ್ದಿತು. ತಂಗಿ ನಗಲಿಲ್ಲ. ಬಗ್ಗಿ ತನ್ನ ಎಡಗಾಲನ್ನು ನೋಡಿಕೊಂಡಳು. ಅದು ಬೇರೆ ಯಾರದೋ ಕಾಲು ಎಂಬಂತೆ ನೋಡಿಕೊಂಡಳು.

"ಆತು ಬಿಡ್ರಿ ಮಾವಾರ, ನಮ್ಮ ಚಿಗಪ್ಪನ ಮಗ ಅದಾನಲ್ಲ, ಟಿಪ್ಪರ್ ಹೊಡಿತಿದ್ದ, ಈ ನಾಟಿ ಮುಗಿಯೂತನ ಅವನ ಓಡಸಲಿ" ಎಂದ ಅವಳ ಗಂಡ. ಸಿಟ್ಟಿನಿಂದ ಹೇಳಲಿಲ್ಲ. ಹೆಂಡತಿಯ ಕಷ್ಟ ಕಳೆಯಿತು ಎಂಬಂತೆ ಹೇಳಿದ.

ತಂಗಿ ಕೀಲಿಯನ್ನು ಯಾರ ಕೈಗೂ ಕೊಡಲಿಲ್ಲ. ಡ್ರೈವರ್ ಸೀಟಿನ ಮೇಲೆ ಇಟ್ಟು ಒಳಗೆ ಹೋದಳು.

ಗಂಡಸು ಕೂತ ಮಾತ್ರಕ್ಕೆ ಎಂಜಿನ್ನು ಸುಮ್ಮನಾಗುತ್ತದೆಯೇ? ನಾಲ್ಕಾರು ದಿನಕ್ಕೆ ಆ ಹುಡುಗನ ಫೋನು ಬಂತು. "ಅಣ್ಣಾರ, ಕಾಲುವಿ ದಂಡಿ ಮ್ಯಾಲ ನಿಂತೈತ್ರಿ. ಇವರೆಲ್ಲ ಗದ್ದಿಗೆ ನಡಕೊಂತ ಹೋದ್ರು. ಸಂಜಿ ಮುಂದ ಏನ್ ಮಾಡ್ಲಿ?" ಬಸ್ಸು ಹಿಡಿದು ಹೋದೆ. ಗಿಣಿಗೇರಾದ ಹೊಗೆ ಹಿಂದೆ ಉಳಿದು, ಗಂಗಾವತಿ ಹತ್ತಿರವಾದಂತೆ ಗಾಳಿಯೇ ಬೇರೆಯಾಯಿತು. ಎಲ್ಲೆಲ್ಲೂ ನೀರು ನಿಂತ ಗದ್ದೆ, ಗದ್ದೆಯಲ್ಲಿ ಮುಗಿಲು, ಮುಗಿಲಿನೊಳಗೆ ಬಗ್ಗಿ ನಿಂತ ಹೆಂಗಸರು. ಬೆಳಗಿನ ಜಿನುಗು ಇನ್ನೂ ಬಿಟ್ಟಿರಲಿಲ್ಲ. ಎಲೆಯ ತುದಿ, ತಂತಿಬೇಲಿ, ನನ್ನ ಮೀಸೆ, ಎಲ್ಲದರ ಮೇಲೂ ಸಣ್ಣ ಹನಿ.

ಕರೆಂಟು ಸೋರುವುದನ್ನು ಕಣ್ಣಿನಿಂದ ನೋಡಬೇಕೆಂದರೆ ಕತ್ತಲೆ ಬೇಕು. ಹಗಲಿನಲ್ಲಿ ಕತ್ತಲೆ ಮಾಡಿಕೊಳ್ಳುವ ನಮ್ಮ ದಾರಿ ಕೌದಿ. ವ್ಯಾನಿನ ಹಿಂದೆ ಒಂದು ಹಳೆಯ ಕೌದಿ ಇತ್ತು, ಗುಂಪಿನವರು ಎಳೆ ಮಗುವನ್ನು ಮಲಗಿಸಲು ತರುತ್ತಿದ್ದದ್ದು. ಸೀಟು ಪೂರ್ತಿ ಎತ್ತಿ, ಎಂಜಿನ್ನಿಗೂ ನನ್ನ ತಲೆಗೂ ಸೇರಿಸಿ ಕೌದಿ ಹೊದ್ದು, ಹುಡುಗನಿಗೆ ಸ್ಟಾರ್ಟ್ ಮಾಡು ಎಂದೆ. ಎಂಜಿನ್ನು ಕುಂಟುತ್ತಾ ಹೊತ್ತಿಕೊಂಡಿತು.

ಕೌದಿಯ ಒಳಗೆ ರಾತ್ರಿಯಾಗಿತ್ತು. ಹಾಲಿನ ವಾಸನೆ, ಮಗುವಿನ ವಾಸನೆ, ಅದರ ಕೆಳಗೆ ಬಿಸಿ ಎಣ್ಣೆಯ ವಾಸನೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ನಿಧಾನಕ್ಕೆ ಕಂಡವು. ಪ್ಲಗ್ ವೈರಿನ ಮೈಮೇಲೆ ನೀಲಿ ಎಳೆಗಳು ಓಡಾಡುತ್ತಿದ್ದವು. ಕೂದಲಿನಷ್ಟು ತೆಳು. ವೈರಿನಿಂದ ಕಬ್ಬಿಣಕ್ಕೆ ಹಾರಿ ಸಾಯುತ್ತಿದ್ದವು, ಮತ್ತೆ ಹುಟ್ಟುತ್ತಿದ್ದವು. ಒಂದೊಂದು ಎಳೆ ಹಾರಿದಾಗಲೂ ಎಂಜಿನ್ನು ಒಂದು ಗುಟುಕು ನುಂಗುತ್ತಿತ್ತು. ಇಷ್ಟು ಚಂದದ ರೋಗವನ್ನು ನಾನು ಬೇರೆ ಕಂಡಿಲ್ಲ. ಚಿಕ್ಕವರಿದ್ದಾಗ ನಾನೂ ತಂಗಿಯೂ ಒಂದೇ ಕೌದಿಯೊಳಗೆ ತಲೆ ಮುಚ್ಚಿಕೊಂಡು, ನೂಲು ಬಿಟ್ಟ ತೂತುಗಳಿಂದ ಬರುವ ಬೆಳಕನ್ನು ಚುಕ್ಕಿ ಎಂದು ಎಣಿಸುತ್ತಿದ್ದೆವು. ಅರೆಗಳಿಗೆ ನಾನು ಏಕೆ ಬಂದಿದ್ದೇನೆ ಎಂಬುದೇ ಮರೆಯಿತು.

ಆಮೇಲೆ ಬೆರಳಿಗೆ ಎಣ್ಣೆ ಹತ್ತಿತು. ವೈರಿನ ರಬ್ಬರು ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಗಿತ್ತು. ಬೆರಳನ್ನು ಮೇಲಕ್ಕೆ ಒಯ್ದೆ. ಮುಚ್ಚಳದ ಅಂಚಿನಲ್ಲಿ ನಾನು ಬಳಿದ ಪೇಸ್ಟು ಕಿತ್ತು ಬಂದಿತ್ತು. ಅದರ ಸಂದಿನಿಂದ ಎಣ್ಣೆ ಹನಿಹನಿಯಾಗಿ ಇಳಿದು ವೈರನ್ನು ತಿಂದಿತ್ತು. ತಿಂದ ಜಾಗದಲ್ಲಿ ಕಾಲುವೆಯ ತೇವ ಕೂತಿತ್ತು. ಎಲ್ಲಿಂದ ಎಲ್ಲಿಗೆ ಎಂಬುದು ಕೈಬೆರಳಿನಲ್ಲಿ ಓದಿದಷ್ಟು ಸ್ಪಷ್ಟ.

ಗಂಗಾವತಿ ಬಜಾರಿಗೆ ಹೋಗಿ ಹೊಸ ವೈರು, ಹೊಸ ಪ್ಯಾಕಿಂಗ್ ತಂದು ಹಾಕಿದೆ. ಅಂಚನ್ನೆಲ್ಲ ಬಟ್ಟೆಯಿಂದ ಒರೆಸಿ, ಒಣಗಿಸಿ, ಬೋಲ್ಟುಗಳನ್ನು ಅಡ್ಡಡ್ಡ ಸ್ವಲ್ಪಸ್ವಲ್ಪವೇ ಬಿಗಿದೆ. ಅಂದು ಮಾಡಿದಷ್ಟು ಅಚ್ಚುಕಟ್ಟು ಕೆಲಸ ನಾನು ಅಪರೂಪಕ್ಕೆ ಮಾಡಿದ್ದೇನೆ. ಎಂಜಿನ್ನು ತಕಿಟ ತಕಿಟ ಎಂದಿತು.

"ಏನಾಗಿತ್ರಿ ಅಣ್ಣಾರ?" ಎಂದ ಹುಡುಗ.

ದೂರದ ಗದ್ದೆಯಲ್ಲಿ ಸಾಲಾಗಿ ಬಗ್ಗಿದ್ದವರಲ್ಲಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ ನಿಂತು ಈ ಕಡೆ ನೋಡಿದಳು. ಕೈಯಲ್ಲಿ ಸಸಿಯ ಕಟ್ಟು. ನನ್ನ ತಂಗಿ. ಎಂಜಿನ್ನಿನ ಸದ್ದು ಅವಳಿಗೆ ಕೇಳಿಸಿರಬೇಕು. ನನ್ನ ಮಾತು ಕೇಳಿಸುವಷ್ಟು ಹತ್ತಿರ ಅವಳಿರಲಿಲ್ಲ.

"ಸಣ್ಣದು. ಒಂದ್ ವೈರು ಸಡ್ಲಾಗಿತ್ತು" ಎಂದೆ. ಬಸ್ಸು ಹತ್ತಿದೆ.

ಅದಾದ ಮೇಲೆ ವ್ಯಾನು ಒಂದು ದಿನವೂ ತಪ್ಪಲಿಲ್ಲ. ತಳಕಲ್ಲಿನಲ್ಲಿ ಹುಟ್ಟಿದ ಮಾತು ಯಲಬುರ್ಗಾದ ನನ್ನ ಶೆಡ್ಡಿನ ತನಕ ಬಂತು. ಚಹಾ ಕುಡಿಯುತ್ತಾ ಒಬ್ಬ ಗಿರಾಕಿ ಹೇಳಿದ: "ನಿಮ್ಮ ತಂಗಿ ಗಾಡಿ ಗಂಡಸಿನ ಕೈ ಬಿದ್ದಮ್ಯಾಲ ಹೂವಾಗೈತಂತಲ್ಲ." ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಯೋಚಿಸಿ ನೋಡಿದರೆ ನಾನು ಗುಟ್ಟಾಗಿ ಮಾಡಿದ ರಿಪೇರಿಯೇ ಅವಳ ಮೇಲಿನ ಅಪವಾದಕ್ಕೆ ಸಾಕ್ಷಿ ಹೇಳಿತ್ತು. ಗಾಡಿ ಕೆಟ್ಟೇ ಉಳಿದಿದ್ದರೆ ಅವಳ ಕಾಲಿನ ಮೇಲಿನ ಮಾತಾದರೂ ಸುಳ್ಳಾಗುತ್ತಿತ್ತು.

ನಾಗರ ಪಂಚಮಿಗೆ ಅವಳು ತವರಿಗೆ ಬಂದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆ. ಅವ್ವ ಜೋಳದ ಅಳ್ಳು ಹುರಿದು, ಉಂಡಿ ಕಟ್ಟಿದ್ದಳು. ಓಣಿಯ ಹುಡುಗಿಯರೆಲ್ಲ ಜೀಕಿ ಹೋದ ಮೇಲೆ ತಂಗಿ ಒಬ್ಬಳೇ ಜೋಕಾಲಿಯ ಹಲಗೆಯ ಮೇಲೆ ಕೂತಿದ್ದಳು. ಜೀಕುತ್ತಿರಲಿಲ್ಲ. ನಾನು ಅವಳಿಗೆಂದು ತಂದ ಇಳಕಲ್ ಸೀರೆಯನ್ನು ಹಿಡಿದು ಶೆಡ್ಡಿನಿಂದ ಹೊರಬಂದೆ. ಅವಳ ಎಡಗಾಲಿನ ಹೆಬ್ಬೆರಳ ಬುಡ ನೆಲವನ್ನು ಮೆತ್ತಗೆ ಒತ್ತುತ್ತಿತ್ತು, ಮೆತ್ತಗೆ ಬಿಡುತ್ತಿತ್ತು. ಜೋಕಾಲಿ ಒಂದು ಗೇಣು ಹಿಂದೆ, ಒಂದು ಗೇಣು ಮುಂದೆ. ಅವಳಿಗೆ ಅದರ ಅರಿವಿರಲಿಲ್ಲ. ಕಣ್ಣು ಎಲ್ಲೋ ರಸ್ತೆಯ ಮೇಲಿತ್ತು.

ನನ್ನ ನೆರಳು ಕಂಡು ಕಾಲು ಹಿಂದೆ ಸರಿಸಿಕೊಂಡಳು.

"ಅಣ್ಣಾ, ಒಂದು ಕೇಳ್ತೇನಿ, ನಗಬ್ಯಾಡ" ಎಂದಳು. "ಕ್ಲಚ್ ಮ್ಯಾಲ ಕಾಲಿಟ್ಟಿದ್ದು ನನಗ ಒಮ್ಮಿನೂ ತಿಳೀಲಿಲ್ಲ. ಒಂದ್ ದಿನಾನೂ ತಿಳೀಲಿಲ್ಲ. ಕಾಲಿನ ನರ ಏನರ ಸತ್ತಿರ್ತಾವೇನು? ಕೊಪ್ಪಳದಾಗ ಡಾಕ್ಟರಿಗೆ ತೋರಿಸ್ಲೇನು ಅಂತ ಮಾಡೇನಿ."

ನಾನು ಸೀರೆಯನ್ನು ಹಲಗೆಯ ತುದಿಗೆ ಇಟ್ಟೆ. ಕೂತುಕೊಳ್ಳಲು ಜಾಗವಿತ್ತು, ಕೂರಲಿಲ್ಲ. ನಿಂತೇ ಹೇಳಿದೆ. ಹೊರಸು, ನಿದ್ದೆ, ಹಳೆಯ ಪ್ಯಾಕಿಂಗು, ಕಟ್ಟೆಯ ಮುಂದೆ ಮೂಗಿಗೆ ಬಂದ ವಾಸನೆ, ಕೌದಿಯೊಳಗೆ ಕಂಡದ್ದು. ಹೇಳುವಾಗ ನನ್ನ ದನಿ ನನಗೇ ದೂರದಿಂದ ಕೇಳಿದಂತಿತ್ತು.

ಬೇವಿನ ಹಣ್ಣು ಒಂದೆರಡು ಉದುರಿದವು.

"ಅವತ್ತು ಗದ್ದಿಯಾಗ ನಾ ಎದ್ದು ನಿಂತು ನಿನ್ನ ನೋಡಿದೆ" ಎಂದಳು.

"ಹೌದು. ನಾನೂ ನೋಡಿದೆ."

"ನೋಡಿ ಬಸ್ ಹತ್ತಿದಿ."

"ಹೌದು."

"ನನ್ನ ಕಾಲು ನಾ ದಿನಾ ಎಣ್ಣಿ ಹಚ್ಚಿ ತಿಕ್ಕೊಂತ ಕುಂತೇನಿ ಇಷ್ಟು ದಿನ. ಮನಿಯಾಗ ನೀರಿನ ಕೊಡ ಹೊರಾಕೂ ಅಂಜಾಕ್ಹತ್ತೇನಿ, ಎಲ್ಲೆ ಕಾಲು ತಪ್ತೈತೋ ಅಂತ."

ಅವಳು ಸೀರೆಯನ್ನು ಎತ್ತಿ ನನ್ನ ಕೈಗೇ ಇಟ್ಟಳು.

"ಇದು ಬ್ಯಾಡ. ನೀ ತಪ್ಪು ಹೊರಿಸಿದ್ದು ಆ ಮಂದಿ ಮುಂದ. ನನ್ನೊಬ್ಬಾಕಿ ಮುಂದ ಹೇಳಿದ್ರ ಅವರು ತಿಳ್ಕೊಂಡಿದ್ದು ಹಂಗ ಉಳೀತೈತಿ. ಅವರ ಮುಂದನ ಹೇಳು."

"ಗಿರಾಕಿಗೋಳಿಗೆಲ್ಲ ಗೊತ್ತಾಕ್ಕೈತಿ. ಮೇಸ್ತ್ರಿ ಹೆಸರು ಕೆಟ್ರ ಶೆಡ್ಡು..." ಎಂದೆ. ಈ ಮಾತು ಬಾಯಿಂದ ಬಂತು ಎಂಬುದೇ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

"ನಾ ಏನ್ ಹೆಸರು ಇಟ್ಕೊಂಡಿದ್ನೋ ಅದೂ ಹೆಸರ ಇತ್ತು" ಎಂದು ಅವಳು ಎದ್ದು ಅವ್ವನ ಹತ್ತಿರ ಹೋದಳು.

ಹಬ್ಬ ಮುಗಿದು ನಾಟಿ ಮತ್ತೆ ಶುರುವಾದ ದಿನ ನಾನು ನಸುಕಿನಲ್ಲೇ ತಳಕಲ್ಲಿಗೆ ಹೋಗಿ ವ್ಯಾನು ಹತ್ತಿದೆ. ಹುಡುಗ ಓಡಿಸಿದ. ಯಾರೂ ಯಾಕೆ ಬಂದೆ ಎಂದು ಕೇಳಲಿಲ್ಲ. ಮೇಸ್ತ್ರಿ ಗಾಡಿ ನೋಡಲು ಬಂದಿರಬೇಕು ಎಂದುಕೊಂಡರು. ತಂಗಿ ಹಿಂದೆ ಕಿಟಕಿಗೆ ಒರಗಿ ಕೂತಿದ್ದಳು. ಕೊಪ್ಪಳದ ಕಲ್ಲುಗುಡ್ಡಗಳ ಮೇಲೆ ಬೆಳಕು ಬರುತ್ತಿತ್ತು. ಹೇಳುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ, ಅದು ಮರಳಿನ ಹಾಗೆ ಸರಿಯುತ್ತಿತ್ತು.

ಬುತ್ತಿ ಬಿಚ್ಚುವ ಹೊತ್ತಿಗೆ ಗುಂಪಿನವರು ಬದುವಿನ ಮೇಲೆ ಸಾಲಾಗಿ ಕೂತರು. ಮೊಣಕಾಲಿನ ತನಕ ಕೆಸರು. ತಂಗಿ ಇನ್ನೂ ಗದ್ದೆಯಲ್ಲೇ ನಿಂತು ಕೈ ತೊಳೆಯುತ್ತಿದ್ದಳು. ನಾನು ಎದ್ದು ನಿಂತೆ.

"ಅವತ್ತು ಗಾಡಿ ನಿಂತಿದ್ದು ಇಕಿ ಕಾಲಿಂದಲ್ಲ. ಸೀಲು ಲೀಕ್ ಆಗಿ ಎಣ್ಣಿ ವೈರಿಗೆ ಇಳಿದಿತ್ತು" ಎಂದೆ.

"ಸೀಲು ತಾನಾಗೆ ಲೀಕ್ ಆತೇನು?" ತಂಗಿ ಕೈ ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು.

"ಇಲ್ಲ. ನಾನ ಹಳೇದು ಹಾಕಿದ್ದೆ. ಹೊಸಾದು ಹಾಕೇನಿ ಅಂತ ಆಕಿಗೆ ಸುಳ್ಳು ಹೇಳಿದೆ. ಆಮ್ಯಾಲ ನನಗ ಗೊತ್ತಾತು. ಗೊತ್ತಾಗಿ ಆಕಿ ಕಾಲಿನ ಮ್ಯಾಲ ಹಾಕಿದೆ. ಕ್ಲಚ್ಚಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಜೋಳದ ರೊಟ್ಟಿ ಮುರಿಯುವ ಸದ್ದು ನಿಂತಿತು. ಗುಂಪಿನ ಹಿರಿಯಳು, ಬಾಯಲ್ಲಿ ಎಲೆ ಅಡಿಕೆ ಇದ್ದವಳು, ಪಕ್ಕಕ್ಕೆ ಉಗುಳಿ ಕೇಳಿದಳು:

"ಹೊಸಾದು ಯಾಕ ಹಾಕ್ಲಿಲ್ಲೋ ಮೇಸ್ತ್ರಿ?"

"ನಿದ್ದಿ ಬಂದಿತ್ತು."

ಕಟ್ಟೆಯ ಮೇಲೆ ಜೋಮಿನ ಮಾತಾಡಿದ್ದಳಲ್ಲ, ಅವಳೇ ನಕ್ಕಳು. "ಅಲ್ಲೋ ಯಪ್ಪಾ, ನಿಂಗ ನಿದ್ದಿ ಬಂದ್ರ ಆಕಿ ಕಾಲಿಗೆ ಜೋಮು ಹಿಡೀತೈತೇನೋ?"

"ನಮ್ಮ ಮನಿಯಾಂವ ಹಗಲೆಲ್ಲ ಮಲಗ್ತಾನವ್ವ, ಅದಕ್ಕ ನನ್ನ ಸೊಂಟ ನೋಯ್ತೈತಿ ಕಾಣ್ತೈತಿ" ಎಂದಳು ಇನ್ನೊಬ್ಬಳು. ಬದುವಿನುದ್ದಕ್ಕೂ ನಗು ಹರಿಯಿತು. ಡ್ರೈವರ್ ಹುಡುಗನೂ ನಕ್ಕ. "ಅಂದ್ರ ನಂದು ಕೈಗುಣ ಅಲ್ಲ ಅಂತೀರಿ. ಆತ್ರಿ, ನಾ ನನ್ನ ಟಿಪ್ಪರಿಗೆ ಹೊಕ್ಕೇನಿ."

ಹಿರಿಯಳು ಮಾತ್ರ ನಗಲಿಲ್ಲ. "ಇಷ್ಟು ದಿನ ನಾವು ಆಕಿನ್ನ ಅಂದಿದ್ದು ಅಂದ್ವಿ. ನಮ್ಮ ಬಾಯಿಗೆ ನೀ ತುತ್ತು ಇಟ್ಟಿ. ನಾವೂ ನುಂಗಿದ್ವಿ" ಎಂದಳು. ಆಮೇಲೆ ಒಂದು ರೊಟ್ಟಿಗೆ ಪುಂಡಿಪಲ್ಯ ಹಾಕಿ ನನ್ನ ಕಡೆ ಚಾಚಿದಳು. "ತಿನ್ನು. ಹಸಿದ ಹೊಟ್ಟಿಲೆ ನಿಂತಿ ಹೇಳಾಕ."

ತಂಗಿ ಗದ್ದೆಯಿಂದ ಮೇಲೆ ಬಂದಳು. ನನ್ನ ಪಕ್ಕದಲ್ಲಿ ಕೂರಲಿಲ್ಲ, ದೂರವೂ ಹೋಗಲಿಲ್ಲ. ಊಟ ಮಾಡಿದಳು. ಎಲ್ಲರೂ ಮತ್ತೆ ಗದ್ದೆಗೆ ಇಳಿದರು. ನಾನು ಸಂಜೆಯ ತನಕ ಕಾಲುವೆಯ ದಂಡೆಯ ಮೇಲೆ ಕೂತು ನೀರು ನೋಡಿದೆ. ಎಲ್ಲೂ ನಿಲ್ಲದ ನೀರು, ನೋಡುತ್ತಾ ಕೂತರೆ ದಂಡೆಯೇ ಹೋಗುತ್ತಿದೆ ಎನ್ನಿಸುತ್ತದೆ. ಅಂದು ನನಗೆ ಕಣ್ಣು ಎಳೆಯಲಿಲ್ಲ.

ಹೊರಡುವ ಹೊತ್ತಿಗೆ ತಂಗಿ ಹುಡುಗನ ಮುಂದೆ ಕೈ ಚಾಚಿದಳು. ಅವನು ಕೀಲಿ ಕೊಟ್ಟು ಪಕ್ಕದ ಸೀಟಿಗೆ ಸರಿದ. ನಾನು ಮುಂದಿನ ಬಾಗಿಲ ಹತ್ತಿರ ನಿಂತಿದ್ದೆ.

"ನೀ ಹಿಂದ ಕುಂದ್ರು" ಎಂದಳು.

ಹಿಂದೆ ಹೆಂಗಸರ ನಡುವೆ, ಕೆಸರು ಕಾಲುಗಳ ಮಧ್ಯೆ, ಮಡಿಲಲ್ಲಿ ಯಾರದೋ ಬುತ್ತಿಗಂಟು ಹಿಡಿದು ಕೂತೆ. ವ್ಯಾನು ಹೊರಟಿತು. ಅವಳು ಓಡಿಸುವುದು ಬಹಳ ದಿನ ಬಿಟ್ಟದ್ದಕ್ಕೆ ಗೇರು ಬೀಳುವಾಗ ಒಂದೆರಡು ಸಲ ಕಿರುಗುಟ್ಟಿತು. ಅವಳ ಹೆಗಲು ಬಿಗಿದಿತ್ತು. ಗದ್ದೆಗಳ ನೀರಿನಲ್ಲಿ ಸೂರ್ಯ ನಮ್ಮ ಜೊತೆಗೇ ಓಡಿಬರುತ್ತಿದ್ದ.

ಕಾಲುವೆಯ ಸೇತುವೆಗೆ ಏರು ಇದೆ. ಮುಂದೆ ಸಸಿ ತುಂಬಿದ ಟ್ರ್ಯಾಕ್ಟರು ನಿಂತಿದ್ದರಿಂದ ಏರಿನ ಮಧ್ಯೆ ನಿಲ್ಲಿಸಬೇಕಾಯಿತು. ಟ್ರ್ಯಾಕ್ಟರು ಸರಿದಾಗ ಅವಳು ಕ್ಲಚ್ ಬಿಟ್ಟಳು. ವ್ಯಾನು ಒಂದು ಸಲ ಮುಗ್ಗರಿಸಿ ಆಫ್ ಆಯಿತು. ಹಿಂದೆ ಬಸ್ಸಿನವನು ಹಾರ್ನು ಒತ್ತಿ ಹಿಡಿದ. ಒಳಗೆ ಎಲ್ಲರೂ ಉಸಿರು ಬಿಗಿಹಿಡಿದರು. ಹಿರಿಯಳು ನನ್ನ ಕಡೆ ತಿರುಗಿ ಹುಬ್ಬು ಎತ್ತಿದಳು. ಈಗ ಏನನ್ನುತ್ತೀ ಎಂಬಂತಿತ್ತು. ನಾನು ಬಾಯಿ ತೆರೆಯಲಿಲ್ಲ. ಎಂಜಿನ್ನಿನ ತಪ್ಪಲ್ಲ ಎಂದು ನನಗೆ ತಿಳಿದಿತ್ತು. ಅದನ್ನು ಹೇಳುವ ಹಕ್ಕು ನನ್ನದಾಗಿ ಉಳಿದಿರಲಿಲ್ಲ.

ತಂಗಿ ಕನ್ನಡಿಯಲ್ಲಿ ಹಿಂದಿನವರನ್ನೆಲ್ಲ ಒಮ್ಮೆ ನೋಡಿದಳು.

"ಇದು ನಂದ ತಪ್ಪು ನೋಡ್ರವ್ವ. ಕಾಲು ಲಗೂನ ಬಿಟ್ಟೆ" ಎಂದಳು.

ಹೇಳುವಾಗ ಅವಳ ಹೆಗಲು ಸಡಿಲಾದದ್ದು ಹಿಂದೆ ಕೂತ ನನಗೆ ಕಂಡಿತು. ಕೀಲಿ ತಿರುವಿದಳು. ಬಸ್ಸಿನವನು ಮತ್ತೆ ಹಾರ್ನು ಹೊಡೆದ. "ತಡಿಯಪ್ಪಾ, ನಿಂಗ ಏನ್ ಮುಳುಗೂದೈತಿ" ಎಂದು ಹಿರಿಯಳು ಕಿಟಕಿಯಿಂದ ಕೈ ಬೀಸಿದಳು. ವ್ಯಾನು ಏರು ಹತ್ತಿ ಸೇತುವೆಯ ಮೇಲೆ ಬಂದಿತು.